ರಿಗ್ ಕೊಳ್ಳುವ ಮುಂಚೆ ಚಕ್ರ ತಿರುಗಿಸಿ ನೋಡಿ
ಡಿಎಸ್‌ಎಲ್‌ಆರ್‌ನಲ್ಲಿ ಕೈಯಲ್ಲೇ ಫೋಕಸ್ ಮಾಡಿ ವಿಡಿಯೋ ತೆಗೆಯುವವರು ಕಡಿಮೆ ಬೆಲೆಯ ರಿಗ್ (ಕ್ಯಾಮೆರಾ ಕೂರಿಸಿ ಭುಜದ ಮೇಲಿಟ್ಟುಕೊಳ್ಳುವ ಚೌಕಟ್ಟು) ಕೊಳ್ಳುವಾಗ ನಿಮ್ಮದೇ ಲೆನ್ಸ್ ಹಾಕಿ, ಫಾಲೋ ಫೋಕಸ್ ಚಕ್ರವನ್ನು, ಅಂದರೆ ಗಿಯರ್ ಮೂಲಕ ಲೆನ್ಸ್‌ನ ಫೋಕಸ್ ರಿಂಗ್ ತಿರುಗಿಸುವ ಚಕ್ರವನ್ನು, ಒಂಚೂರು ಹಿಂದೆ ಮುಂದೆ ತಿರುಗಿಸಿ. ಲೆನ್ಸ್ ರಿಂಗ್ ಕೂಡಲೇ ಅಲುಗಿದರೆ ಮಾತ್ರ ತಗೊಳ್ಳಿ. ಭುಜದ ಪ್ಯಾಡ್ ಮೆತ್ತಗಿದೆಯಾ ಅನ್ನೋದು ಆಮೇಲಿನ ಮಾತು. ಗಿಯರ್ ಸಡಿಲ ಇದ್ದರೆ ರಿಂಗ್ ತಡವಾಗಿ ಹೊರಡುತ್ತದೆ, ಆಗ ಯಕ್ಷಗಾನದ ಆಟದಲ್ಲಿ ವೇಷಧಾರಿ ದಿಗಿಣ (ಹಾರಿ ಸುತ್ತುವ ಕುಣಿತ) ಹಾಕುತ್ತಾ ರಂಗಸ್ಥಳದ ಮುಂದಕ್ಕೆ ಬರುವಾಗ ಮುಖದ ಬಣ್ಣ ಮಸುಕಾಗಿ, ಹಿಂದೆ ಕೂತ ಭಾಗವತರ ಮುಂಡಾಸು ಸ್ಪಷ್ಟವಾಗಿ ಕಾಣುತ್ತದೆ. ಬೇಜಾರಾಗುತ್ತದೆ, ಅಲ್ವಾ? ರಿಗ್‌ನ ಬಿಡಿಭಾಗ ಕೂರಿಸುವ ರಾಡ್ 15 ಮಿ.ಮೀ. ದಪ್ಪದ್ದೇ ಇರಲಿ, ಆಗ ಬೇರೆ ಕಂಪನಿಯ ಬಿಡಿಭಾಗವೂ ಕೂರುತ್ತದೆ. ಆದರೆ ಎಸ್‌ಟಿಎಂ (ಸ್ಟೆಪ್ಪಿಂಗ್ ಮೋಟರ್ ಇರುವ) ಲೆನ್ಸ್‌ಗೆ ಈ ಪರೀಕ್ಷೆ ಸಾಲದು. ಅದರಲ್ಲಿ ಫೋಕಸ್ ಸರಿಸುವುದು ಒಳಗಿನ ಮೋಟರ್, ಹಾಗಾಗಿ ಚಕ್ರದ ಮೇಲೆ ಹಾಕಿಕೊಂಡ ಗುರುತಿಗೆ ಮತ್ತೆ ತಂದರೂ ಫೋಕಸ್ ಅಲ್ಲೇ ಕೂರುತ್ತದೆ ಅನ್ನೋ ಭರವಸೆ ಇಲ್ಲ.