ಯಾರನ್ನು, ಯಾವಾಗ ಕೆಳಗೆ ಕಳಿಸಬೇಕು?

ನಾನು ದೇಶಭಕ್ತಿಯ ಉಮೇದಿನಿಂದ ಸೇನೆ ಸೇರಿದೆ ಅಂತ ನಮ್ಮೂರಲ್ಲಿ ಎಲ್ಲರೂ ನಂಬಿದ್ದಾರೆ. ನಿಜ ಹೇಳಬೇಕೆಂದರೆ ಪಿಜಿ ಸೀಟು ಸಿಕ್ಕಿರಲಿಲ್ಲ, ಸಂಬಳ ಬೇಕಿತ್ತು. ಆರ್ಮಿ ಮೆಡಿಕಲ್ ಕೋರ್‌ನಲ್ಲಿ ಶಾರ್ಟ್ ಸರ್ವಿಸ್ ಕಮಿಷನ್, ಅಂದರೆ ಕೆಲವು ವರ್ಷಗಳ ಮಟ್ಟಿಗಿನ ಅಧಿಕಾರಿ ಹುದ್ದೆ, ಸಿಕ್ಕಿತು. ಲಕ್ನೋದಲ್ಲಿ ತರಬೇತಿ ಮುಗಿಸಿ, ಒಂದು ಇನ್‌ಫೆಂಟ್ರಿ ಬೆಟಾಲಿಯನ್ನಿಗೆ ಆರ್‌ಎಂಒ ಆಗಿ ಹೋದೆ. ಆರ್‌ಎಂಒ ಅಂದರೆ ಇಡೀ ಪಲ್ಟನ್ನಿಗೆ ಒಬ್ಬನೇ ಡಾಕ್ಟರ್. ಕೈಗೆ ಕೆಲವು ನರ್ಸಿಂಗ್ ಅಸಿಸ್ಟೆಂಟ್‌ಗಳು, ರೋಗಿಗಳನ್ನು ನೋಡಲು ಎಂಐ ರೂಮ್ ಅಂತ ಒಂದು ಸಣ್ಣ ಜಾಗ, ಔಷಧಿಯ ಪೆಟ್ಟಿಗೆಗಳು. ಅಷ್ಟೇ.

ಆ ಪಲ್ಟನ್ ಲಡಾಖ್‌ಗೆ ಹೋಯಿತು. ನಾನು ಡಾಕ್ಟರ್ ಆಗಿದ್ದು ಅಲ್ಲೇ ಅನ್ನಬೇಕು.

ಲೇಹ್ ಇರೋದು ಸುಮಾರು 11,500 ಅಡಿ ಎತ್ತರದಲ್ಲಿ. ಚಂಡೀಗಢದಲ್ಲಿ ವಿಮಾನ ಹತ್ತಿದ ಹುಡುಗ ಒಂದೆರಡು ಗಂಟೆಯಲ್ಲಿ ಅಲ್ಲಿ ಇಳಿದಿರುತ್ತಾನೆ. ಅವನ ಶ್ವಾಸಕೋಶಕ್ಕೆ ಆ ಸುದ್ದಿ ಇನ್ನೂ ಮುಟ್ಟಿರುವುದಿಲ್ಲ. ಅದಕ್ಕೇ ಸೇನೆಯಲ್ಲಿ ಹಂತ ಹಂತದ ಲೆಕ್ಕ ಇದೆ. 9,000ದಿಂದ 12,000 ಅಡಿವರೆಗೆ 6 ದಿನ, 15,000 ಅಡಿವರೆಗೆ ಇನ್ನು 4 ದಿನ, ಅದರ ಮೇಲೆ ಮತ್ತೆ 4 ದಿನ. ಮೊದಲ ಎರಡು ದಿನ ಬರೀ ವಿಶ್ರಾಂತಿ. ಈ ಲೆಕ್ಕದ ಹಿಂದೆ ದೊಡ್ಡ ನೋವಿದೆ. 1962ರ ಯುದ್ಧದಲ್ಲಿ ಬಯಲುಸೀಮೆಯ ಸೈನಿಕರನ್ನು ಅವಸರದಲ್ಲಿ ಎತ್ತರಕ್ಕೆ ಕಳಿಸಿದಾಗ, ಗುಂಡು ತಾಗದ ಹುಡುಗರೂ ಉಸಿರು ಕಟ್ಟಿ ಸತ್ತರು. ಶ್ವಾಸಕೋಶದಲ್ಲಿ ನೀರು ತುಂಬುವ ಈ ಕಾಯಿಲೆಯನ್ನು ಅಷ್ಟು ದೊಡ್ಡ ಸಂಖ್ಯೆಯಲ್ಲಿ ಕಂಡು ಬರೆದಿಟ್ಟವರು ನಮ್ಮ ಸೇನಾ ವೈದ್ಯರೇ. 1965ರಲ್ಲಿ ಪ್ರಕಟವಾದ ಅವರ ಲೇಖನಗಳನ್ನು ಹೊರದೇಶದವರೂ ಇವತ್ತಿಗೂ ಉಲ್ಲೇಖಿಸುತ್ತಾರೆ. ಸೇನೆಯಲ್ಲಿ ಅದಕ್ಕೆ ಸುಮ್ನೆ 'ಹೇಪೋ' ಅಂತಾರೆ.

ಹೇಪೋ ಬರೋದು ಹೆಚ್ಚಾಗಿ ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ, ಅದೂ ರಾತ್ರಿ. ಮೊದಲು ಒಣಕೆಮ್ಮು. ಆಮೇಲೆ ಕೂತಲ್ಲೇ ಏದುಸಿರು. ತುಟಿ ನೀಲಿಯಾಗುತ್ತದೆ. ಕೊನೆಗೆ ಗುಲಾಬಿ ಬಣ್ಣದ ನೊರೆ. ಗಟ್ಟಿಮುಟ್ಟಾದವರೇ ಜಾಸ್ತಿ ಬೀಳೋದು, ಯಾಕೆಂದರೆ ಅವರು ಸುಮ್ಮನೆ ಕೂರುವುದಿಲ್ಲ. ನನಗೇನೂ ಆಗಿಲ್ಲ ಸಾಬ್ ಅಂತ ವಾಲಿಬಾಲ್ ಆಡಲು ಹೋಗುತ್ತಾರೆ. ಆಕ್ಸಿಜನ್ ಕೊಡಬಹುದು, ನಿಫೆಡಿಪಿನ್ ಕೊಡಬಹುದು, ಗಾಳಿ ತುಂಬಿದ ಚೀಲದೊಳಗೆ ಮಲಗಿಸಿ ಒತ್ತಡ ಏರಿಸಬಹುದು. ಆದರೆ ನಿಜವಾದ ಮದ್ದು ಒಂದೇ: ಕೆಳಗೆ ಇಳಿಸೋದು. ಹವಾಮಾನ ಕೆಟ್ಟರೆ ಹೆಲಿಕಾಪ್ಟರ್ ಬರಲ್ಲ. ರಸ್ತೆಯಲ್ಲಿ ಹಿಮ ಇರುತ್ತದೆ. ಹಾಗಾಗಿ 'ನಾಳೆ ನೋಡೋಣ' ಅನ್ನುವ ಮಾತು ಅಲ್ಲಿ ನಡೆಯಲ್ಲ. ಕತ್ತಲಾಗುವ ಮೊದಲೇ, ಕಾಯಿಲೆ ಇನ್ನೂ ಸಣ್ಣದಾಗಿ ಕಾಣುವಾಗಲೇ ತೀರ್ಮಾನ ಆಗಬೇಕು. ಹತ್ತು ಜನರನ್ನು ಸುಮ್ನೆ ಇಳಿಸಿದರೂ ಪರವಾಗಿಲ್ಲ, ಇಳಿಸಬೇಕಾದ ಒಬ್ಬ ಮೇಲೆ ಉಳಿಯಬಾರದು. ಈ ಒಂದು ಅಭ್ಯಾಸವನ್ನು ಮಾತ್ರ ನಾನು ಪೂರ್ತಿಯಾಗಿ ಊರಿಗೆ ತಂದೆ.

ಮೇಜರ್ ಆಗಿ ಹೊರಬಂದು, ಹೊಸನಗರದ ಕಡೆ ಒಂದು ಹಳ್ಳಿಯಲ್ಲಿ ಕ್ಲಿನಿಕ್ ತೆರೆದೆ. ಇಲ್ಲೂ ದೊಡ್ಡ ಆಸ್ಪತ್ರೆ ಬೇಕೆಂದರೆ ಕೆಳಗೇ ಇಳಿಯಬೇಕು. ಹುಲಿಕಲ್ ಘಾಟಿ ಇಳಿದು ಕುಂದಾಪುರ, ಅಲ್ಲಿಂದ ಮಣಿಪಾಲ. ಇಲ್ಲದಿದ್ದರೆ ಆ ಕಡೆ ಶಿವಮೊಗ್ಗ. ಮಳೆಗಾಲದಲ್ಲಿ ಘಾಟಿಯಲ್ಲಿ ಮಣ್ಣು ಜರಿದರೆ ಲಡಾಖ್‌ನ ಕಥೆಯೇ.

ಆದರೆ ಜನ ಬೇರೆ. ಸೈನಿಕನಿಗೆ 'ಎಕ್ಸ್‌ಕ್ಯೂಸ್ ಡ್ಯೂಟಿ' ಅಂತ ಚೀಟಿ ಬರೆದರೆ ಮುಗಿಯಿತು, ಅದು ಆರ್ಡರ್. ಇಲ್ಲಿ "ಎರಡು ದಿನ ಮಲಗಿ" ಅಂದರೆ "ಅಡಿಕೆ ಕೊಯ್ಲು ಯಾರು ಮಾಡ್ತಾರೆ ಡಾಕ್ಟ್ರೇ, ನೀವು ಬರ್ತೀರಾ?" ಅಂತ ಕೇಳುತ್ತಾರೆ. ತಪ್ಪೇನಿಲ್ಲ, ಅಲ್ವಾ? ಕೊನೆಗಾರ ಒಂದು ದಿನ ಮರ ಹತ್ತದಿದ್ದರೆ ಅವತ್ತಿನ ಕೂಲಿ ಇಲ್ಲ. ಅದಕ್ಕೇ ಎಲ್ಲರಿಗೂ ಒಂದು ಸೂಜಿ ಬೇಕು. ಚುಚ್ಚಿಸಿಕೊಂಡು ನಾಳೆ ಕೆಲಸಕ್ಕೆ ಹೋಗಬೇಕು.

ಈ ಸೂಜಿಯ ವಿಷಯದಲ್ಲಿ ಮಾತ್ರ ನಾನು ಬಗ್ಗಲಿಲ್ಲ. ಅದಕ್ಕೆ ಕಾರಣ ಮಂಗನ ಕಾಯಿಲೆ. 1957ರಲ್ಲಿ ನಮ್ಮ ಜಿಲ್ಲೆಯದೇ ಆದ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತಾಗ ಗೊತ್ತಾದ ಕಾಯಿಲೆ ಇದು. ಡಿಸೆಂಬರ್‌ನಿಂದ ಮೇವರೆಗೆ ಇದರ ಕಾಲ. ಕೊಟ್ಟಿಗೆಗೆ ದರಗು (ಒಣ ಎಲೆ) ತರಲು, ಸೌದೆಗೆ ಕಾಡಿಗೆ ಹೋದವರಿಗೆ ಉಣುಗು, ಅಂದರೆ ಉಣ್ಣೆ ಹುಳ, ಕಚ್ಚುತ್ತದೆ. ಕೆಲವು ದಿನ ಬಿಟ್ಟು ಇದ್ದಕ್ಕಿದ್ದಂತೆ ಜ್ವರ, ತಲೆ ಸಿಡಿಯುವ ನೋವು, ಸೊಂಟ ಮುರಿದ ಹಾಗೆ ಮೈಕೈ ನೋವು, ಕೆಂಪು ಕಣ್ಣು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಇಳಿದಿರುವ ಹೊತ್ತಿನಲ್ಲಿ ಸೊಂಟಕ್ಕೆ ಡೈಕ್ಲೋಫೆನಾಕ್ ಅನ್ನುವ ನೋವಿನ ಸೂಜಿ ಚುಚ್ಚಿದರೆ ರಕ್ತಸ್ರಾವಕ್ಕೆ ನಾವೇ ದಾರಿ ಮಾಡಿಕೊಟ್ಟ ಹಾಗೆ. ಪ್ಯಾರಾಸಿಟಮಾಲ್ ಕೊಡುತ್ತೇನೆ, ನೀರು ಕುಡಿಸುತ್ತೇನೆ, ರಕ್ತದ ಮಾದರಿಯನ್ನು ಪರೀಕ್ಷೆಗೆ ಶಿವಮೊಗ್ಗಕ್ಕೆ ಕಳಿಸುವ ವ್ಯವಸ್ಥೆ ಮಾಡುತ್ತೇನೆ. ವೈರಸ್‌ಗೆ ನೇರವಾದ ಮದ್ದಿಲ್ಲ. ಜ್ವರ ಬಿಟ್ಟು ಒಂದೆರಡು ವಾರಕ್ಕೆ ಕೆಲವರಿಗೆ ಮತ್ತೆ ತಿರುಗುತ್ತದೆ. ಆಗ ಕೈ ನಡುಕ, ಮಂಕು, ಮಾತು ತಪ್ಪೋದು ಕಾಣಿಸುತ್ತದೆ. ಮೊದಲ ಜ್ವರ ಇಳಿದ ಕೂಡಲೇ ಗದ್ದೆಗೆ ಹೋದವರು ಇದನ್ನು ಲೆಕ್ಕಕ್ಕೇ ಇಡುವುದಿಲ್ಲ.

ಇಲ್ಲಿ ಸೇನೆಯ ಇನ್ನೊಂದು ಪದ್ಧತಿ ಉಪಯೋಗಕ್ಕೆ ಬಂತು. ಎತ್ತರದಲ್ಲಿ ಪ್ರತಿಯೊಬ್ಬನಿಗೂ ಒಬ್ಬ 'ಬಡ್ಡಿ' (ಇಂಗ್ಲಿಷಿನ buddy, ಜೊತೆಗಾರ) ಇರುತ್ತಾನೆ. ರಾತ್ರಿ ಪಕ್ಕದವನು ಕೆಮ್ಮಿದರೆ ಎಬ್ಬಿಸಿ ವರದಿ ಮಾಡುವುದು ಅವನ ಕೆಲಸ, ಯಾಕೆಂದರೆ ಕಾಯಿಲೆಯವನು ತಾನಾಗಿ ಹೇಳಲ್ಲ. ಹಳ್ಳಿಯಲ್ಲಿ ನಾನು ಈಗ ರೋಗಿಗೆ ಹೇಳುವುದು ಕಡಿಮೆ. ಜೊತೆಗೆ ಬಂದ ಹೆಂಡತಿಗೋ ಅತ್ತಿಗೆಗೋ ಪಕ್ಕದ ಮನೆಯವರಿಗೋ ಹೇಳುತ್ತೇನೆ. ವಸಡಲ್ಲಿ ರಕ್ತ ಬಂದರೆ, ಮಲ ಕಪ್ಪಾದರೆ, ಮಾತು ತೊದಲಿದರೆ, ಎಷ್ಟು ಹೊತ್ತಾದರೂ ಫೋನ್ ಮಾಡಿ, ಅವರು ಬೇಡ ಅಂದರೂ ಮಾಡಿ. ಹೆಂಗಸರು ಮಾಡುತ್ತಾರೆ. ಆಶಾ ಕಾರ್ಯಕರ್ತೆಯರಂತೂ ನನಗಿಂತ ಮೊದಲೇ ಮನೆ ಬಾಗಿಲಲ್ಲಿ ಇರುತ್ತಾರೆ.

ಒಂದು ತಮಾಷೆ ಹೇಳಬೇಕು. ಉಣುಗು ಕಚ್ಚದಿರಲಿ ಅಂತ ಈಗ ಮಲೆನಾಡಲ್ಲಿ ಹಂಚುವ ಡೇಪಾ ಎಣ್ಣೆ ಇದೆಯಲ್ಲ, ಅದನ್ನು ರೂಪಿಸಿದ್ದು ಗ್ವಾಲಿಯರ್‌ನಲ್ಲಿರುವ ಡಿಆರ್‌ಡಿಒ (ರಕ್ಷಣಾ ಸಂಶೋಧನಾ ಸಂಸ್ಥೆ) ಪ್ರಯೋಗಾಲಯ. "ಇದು ಮಿಲಿಟರಿ ಎಣ್ಣೆ" ಅಂದ ಮೇಲೆ ನಮ್ಮ ಕಡೆ ಗಂಡಸರು ಹಚ್ಚಿಕೊಳ್ಳಲು ಶುರು ಮಾಡಿದರು.

ಹಾವು ಕಚ್ಚಿದವರು ಬಂದರೆ ನನ್ನ ಕೆಲಸ ಇನ್ನೂ ಚಿಕ್ಕದು. ಕಚ್ಚಿದ ಭಾಗ ಅಲುಗದ ಹಾಗೆ ಕಟ್ಟಿ, ಗಾಡಿಗೆ ಫೋನ್ ಮಾಡುತ್ತೇನೆ. ಗಾಡಿ ಬರುವಷ್ಟರಲ್ಲಿ ಒಣಗಿದ ಗಾಜಿನ ಟ್ಯೂಬಿನಲ್ಲಿ ರಕ್ತ ಹಿಡಿದು 20 ನಿಮಿಷ ಅಲುಗಿಸದೆ ಇಡುತ್ತೇನೆ. ಹೆಪ್ಪುಗಟ್ಟದಿದ್ದರೆ ಮಂಡಲದ ಗುಮಾನಿ, ಅದನ್ನು ಚೀಟಿಯಲ್ಲಿ ಬರೆದು ಕಳಿಸುತ್ತೇನೆ. ಗಾಡಿ ಮೊದಲೇ ಬಂದರೆ ಟ್ಯೂಬಿಗಾಗಿ ಕಾಯುವುದಿಲ್ಲ. ನಮ್ಮ ವಿಷನಿರೋಧಕ ಔಷಧ ನಾಲ್ಕು ಹಾವುಗಳಿಗೆ ಮಾತ್ರ: ನಾಗರ, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ. ಇಲ್ಲಿನ ತೋಟಗಳಲ್ಲಿ ಸಿಗುವ ಗುಳಿ ಮಂಡಲಕ್ಕೆ ಅದು ಕೆಲಸ ಮಾಡಲ್ಲ. ಆದರೆ ಹಾವು ಯಾವುದು ಅಂತ ಹುಡುಕುತ್ತಾ ಕೂರಬೇಡಿ, ಹೊಡೆದು ತರಲೂ ಬೇಡಿ. ಫೋಟೋ ಸಿಕ್ಕರೆ ಸಾಕು.

ಸೇನೆಗೆ ಹೋಗಲಾ ಅಂತ ಈಗಿನ ಹುಡುಗರು ಕೇಳುತ್ತಾರೆ. ಹೋಗಿ ಅಂತಲೇ ಹೇಳುತ್ತೇನೆ, ಆದರೆ ದೊಡ್ಡ ಆಸ್ಪತ್ರೆಯ ಪೋಸ್ಟಿಂಗ್‌ಗೆ ಆಸೆಪಡಬೇಡಿ. ಎಂಐ ರೂಮಿನಲ್ಲಿ ಒಬ್ಬರೇ ಇರಿ. ಹಳ್ಳಿಗೆ ಬಂದು ಕ್ಲಿನಿಕ್ ಇಡುವವರಿದ್ದರೆ ಬೋರ್ಡ್ ಬರೆಸುವ ಮೊದಲು ಜೀಪ್ ಓಡಿಸುವವರ ಸ್ನೇಹ ಮಾಡಿಕೊಳ್ಳಿ. 108ಕ್ಕೆ ಫೋನ್ ಮಾಡಿ, ಅದು ಎಲ್ಲೋ ದೂರ ಇದೆ ಅಂದಾಗ ಬೇಕಾಗುವುದು ಅವರೇ. ರಾತ್ರಿ ಘಾಟಿ ಇಳಿಯಲು ಹೆದರದವರು ಯಾರು, ಕುಡಿಯದವರು ಯಾರು, ಡೀಸೆಲ್ ದುಡ್ಡು ಆಮೇಲೆ ಕೊಟ್ಟರೂ ಆಗುತ್ತೆ ಅನ್ನುವವರು ಯಾರು, ಇಷ್ಟು ಗೊತ್ತಿರಬೇಕು. ನನ್ನ ಮೇಜಿನ ಗಾಜಿನ ಕೆಳಗೆ ಅವರ ನಂಬರುಗಳ ಪಟ್ಟಿ ಇದೆ. ಪ್ರತಿ ವರ್ಷ ಮಳೆ ಹಿಡಿಯುವ ಮೊದಲು ಎಲ್ಲರಿಗೂ ಒಮ್ಮೆ ಫೋನ್ ಮಾಡಿ, ಗಾಡಿ ರಿಪೇರಿ ಆಗಿದೆಯಾ ಅಂತ ಕೇಳುತ್ತೇನೆ.