ಜಪಾನಿನಲ್ಲೂ ‘ಹೋಗಿ ಬರ್ತೀನಿ’ ಅಂತಾರೆ: ಹೋಮ್‌ಸ್ಟೇ ಮಾಡುವುದು ಹೇಗೆ?

ಹೋಮ್‌ಸ್ಟೇ ಅಂದ ತಕ್ಷಣ ನಮಗೆ ಮಡಿಕೇರಿ, ಚಿಕ್ಕಮಗಳೂರು ನೆನಪಾಗುತ್ತದೆ. ಕಾಫಿ ತೋಟ, ಬಿಸಿ ಅಕ್ಕಿ ರೊಟ್ಟಿ, ಸಂಜೆ ಬೆಂಕಿ ಸುತ್ತ ಹರಟೆ. ಅಲ್ಲಿ ನಾವು ದುಡ್ಡು ಕೊಟ್ಟು ಉಳಿದುಕೊಳ್ಳುವ ಗಿರಾಕಿಗಳು. ಜಪಾನಿನಲ್ಲಿ ಒಂದು ಕುಟುಂಬದ ಜೊತೆ ಇರುವುದು ಬೇರೆ ತರಹ. ಊಟದ ಟೇಬಲ್ಲಿಗೆ ಇನ್ನೊಂದು ಕುರ್ಚಿ ಎಳೆದು ಹಾಕುತ್ತಾರೆ, ಆ ಕುರ್ಚಿ ನಿಮ್ಮದು. ಉಂಡ ಬಟ್ಟಲು ಎತ್ತಿಡಬೇಕು, ಕಸ ಬೇರೆ ಬೇರೆ ಮಾಡಬೇಕು, ಬರೋದು ತಡವಾದರೆ ಮನೆಗೆ ಹೇಳಬೇಕು.

ನಾನು ನಾಗಾನೊ ಪ್ರಾಂತ್ಯದ ಮತ್ಸುಮೊತೊ ಊರಿನಲ್ಲಿ, ಆಗಸ್ಟ್ ತಿಂಗಳಲ್ಲಿ ಎರಡು ವಾರ ಹೀಗೆ ಇದ್ದೆ. ಅಪ್ಪ, ಅಮ್ಮ, ಸ್ಕೂಲಿಗೆ ಹೋಗುವ ಹುಡುಗ, ಎಂಬತ್ತು ದಾಟಿದ ಅಜ್ಜಿ. ಆ ಊರಿನ ಕೋಟೆ ನೋಡಲು ನನಗೆ ಅರ್ಧ ದಿನ ಸಾಕಾಯಿತು. ಆ ಮನೆಯ ಅಡುಗೆಮನೆ ಅರ್ಥವಾಗಲು ಎರಡು ವಾರವೂ ಸಾಲಲಿಲ್ಲ. ಹೋಗಬೇಕು ಅಂದುಕೊಂಡಿರುವವರಿಗೆ ನನಗೆ ತಿಳಿದದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮನೆ ಹುಡುಕಿ

ಹೈಸ್ಕೂಲು, ಪಿಯುಸಿ ಮಕ್ಕಳಾದರೆ ರೋಟರಿ ಕ್ಲಬ್ಬಿನ ಮತ್ತು ಎಎಫ್‌ಎಸ್ ಅನ್ನುವ ಸಂಸ್ಥೆಯ ವಿದ್ಯಾರ್ಥಿ ವಿನಿಮಯ ಕಾರ್ಯಕ್ರಮಗಳಿವೆ. ಕಾಲೇಜಿನವರು ತಮ್ಮ ಕಾಲೇಜಿಗೆ ಜಪಾನಿನ ಯಾವುದಾದರೂ ವಿಶ್ವವಿದ್ಯಾಲಯದ ಜೊತೆ ಒಪ್ಪಂದ ಇದೆಯಾ ಅಂತ ವಿಚಾರಿಸಿ. ಅಲ್ಲಿನ ಭಾಷಾ ಶಾಲೆಗಳಲ್ಲಿ ಹಲವು, ಸೇರಿದವರಿಗೆ ಮನೆ ಗೊತ್ತುಮಾಡಿಕೊಡುತ್ತವೆ. ಸುಮಾರು ಊರುಗಳಲ್ಲಿ ಅಂತರರಾಷ್ಟ್ರೀಯ ವಿನಿಮಯ ಸಂಘ ಅಂತ ಇರುತ್ತದೆ. ಅವುಗಳಲ್ಲಿ ಕೆಲವು, ಒಂದು ಮಧ್ಯಾಹ್ನದ ಮಟ್ಟಿಗೆ ಮನೆ ಭೇಟಿ ಏರ್ಪಡಿಸುತ್ತವೆ. ಎರಡು ವಾರಕ್ಕೆ ಧೈರ್ಯ ಸಾಲದವರು ಅಲ್ಲಿಂದ ಶುರು ಮಾಡಬಹುದು.

ಒಂದು ಎಚ್ಚರಿಕೆ. ಜಪಾನಿನಲ್ಲಿ ‘ಮಿನ್‌ಪಾಕು’ ಅಂತ ಇದೆ, ಮನೆಯನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡುವುದು. 2018ರ ಜೂನ್‌ನಲ್ಲಿ ಇದಕ್ಕೊಂದು ಕಾನೂನು ಜಾರಿಯಾಯಿತು. ಆ ಕಾನೂನಿನ ಪ್ರಕಾರ ಒಂದು ಮನೆಯನ್ನು ವರ್ಷಕ್ಕೆ 180 ದಿನ ಮಾತ್ರ ಹೀಗೆ ಕೊಡಬಹುದು. ಮಾಲೀಕರು ಅದೇ ಮನೆಯಲ್ಲಿ ಇರುತ್ತಾರಾ ಅಂತ ಕೇಳಿ ಖಚಿತ ಮಾಡಿಕೊಳ್ಳಿ. ಇಲ್ಲದಿದ್ದರೆ ಬೀಗದ ಕೈ ಸಿಗುತ್ತದೆ, ಮನೆ ಸಿಗುತ್ತದೆ, ಮನೆಯವರು ಸಿಗುವುದಿಲ್ಲ.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಕೆಲವೇ ದಿನಕ್ಕಾದರೂ ವೀಸಾ ಬೇಕು. ಹೋಗುವ ತನಕ ಕಾಯದೆ, ಮುಂಚೆಯೇ ಒಂದಷ್ಟು ಜಪಾನಿ ಮಾತು ಕಿವಿಗೆ ಬೀಳಬೇಕು ಅಂದರೆ, ಬೆಂಗಳೂರಿನಲ್ಲಿ ನಡೆಯುವ ಜಪಾನ್ ಹಬ್ಬಕ್ಕೆ ಹೋಗಿ ಬನ್ನಿ.

ಹೊರಡುವ ಮೊದಲು ಹತ್ತು ಮಾತು ಕಲಿಯಿರಿ

ಇದು ನನಗೆ ಬಹಳ ಇಷ್ಟದ ವಿಷಯ, ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಕನ್ನಡದವರಿಗೆ ಜಪಾನಿ ವಾಕ್ಯ ಕಟ್ಟುವುದು ಇಂಗ್ಲಿಷಿಗಿಂತ ಸುಲಭ. ಕ್ರಿಯಾಪದ ಕೊನೆಗೆ ಬರುತ್ತದೆ, ನಮ್ಮ ಹಾಗೆಯೇ. ‘ತಬೆತೆ’ ಅಂದರೆ ತಿಂದು, ‘ಮಿಮಾಸ್’ ಅಂದರೆ ನೋಡ್ತೀನಿ. ‘ತಬೆತೆ ಮಿಮಾಸ್’ ಅಂದರೆ ‘ತಿಂದು ನೋಡ್ತೀನಿ’, ಅದೇ ಅರ್ಥ, ಅದೇ ಜೋಡಣೆ.

ಮನೆಯಿಂದ ಹೊರಡುವಾಗ ‘ಇತ್ತೆ ಕಿಮಾಸ್’ ಅನ್ನುತ್ತಾರೆ. ಇತ್ತೆ ಅಂದರೆ ಹೋಗಿ, ಕಿಮಾಸ್ ಅಂದರೆ ಬರ್ತೀನಿ. ಹೋಗಿ ಬರ್ತೀನಿ! ಒಳಗಿದ್ದವರು ‘ಇತ್ತೆರಾಶ್ಶಾಯ್’ ಅನ್ನುತ್ತಾರೆ, ಹೋಗಿ ಬನ್ನಿ. ನಮ್ಮ ಮನೆಗಳಲ್ಲಿ ‘ಹೋಗ್ತೀನಿ’ ಅಂದರೆ ಅಜ್ಜಿ ಬೈಯುತ್ತಾರೆ, ‘ಹೋಗಿ ಬರ್ತೀನಿ ಅನ್ನು’ ಅಂತ. ಅದೇ ಮಾತನ್ನು ಅಷ್ಟು ದೂರದ ಒಂದು ಬಾಗಿಲಲ್ಲಿ ದಿನಾ ಬೆಳಿಗ್ಗೆ ಕೇಳಿದಾಗ, ಊರು ಬಿಟ್ಟು ಬಂದ ಬೇಸರ ಅರ್ಧ ಹೋಯಿತು.

ಮರಳಿ ಬಂದಾಗ ‘ತದಾಯ್ಮಾ’, ಅಂದರೆ ಬಂದೆ. ಒಳಗಿನಿಂದ ‘ಒಕಾಯೆರಿ’, ಬಂದ್ಯಾ ಅಂತ. ಊಟಕ್ಕೆ ಮುಂಚೆ ಕೈ ಜೋಡಿಸಿ ‘ಇತಾದಾಕಿಮಾಸ್’, ಊಟ ಮುಗಿದ ಮೇಲೆ ‘ಗೊಚಿಸೋಸಮಾ ದೆಶಿತಾ’. ಇವನ್ನು ಒಂದು ದಿನವೂ ಬಿಡಬೇಡಿ. ವ್ಯಾಕರಣ ತಪ್ಪಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ಆದರೆ ಸುಮ್ನೆ ಒಳಗೆ ಬಂದು ರೂಮು ಸೇರಿಕೊಂಡರೆ ಮನೆಯವರಿಗೆ ಏನಾಯಿತೋ ಅನ್ನಿಸುತ್ತದೆ. ಮನೆಯವರನ್ನು ಹೇಗೆ ಕರೆಯಬೇಕು ಅಂತ ಮೊದಲ ದಿನವೇ ಕೇಳಿ. ನನಗೆ ‘ಒಕಾಸಾನ್’, ಅಂದರೆ ಅಮ್ಮ, ಅಂತಲೇ ಕರೆಯಲು ಹೇಳಿದರು.

ಸಮಯ ಇದ್ದರೆ ಹಿರಗಾನಾ ಲಿಪಿಯ 46 ಮೂಲ ಅಕ್ಷರಗಳನ್ನೂ ಕಲಿಯಿರಿ. ಕಾ, ಕಿ, ಕು ಅಂತ ನಮ್ಮ ಕಾಗುಣಿತದ ಹಾಗೇ ಸಾಗುತ್ತದೆ.

ಏನು ಒಯ್ಯಬೇಕು

ಕೈಯಲ್ಲಿ ಒಂದು ಉಡುಗೊರೆ ಇರಲೇಬೇಕು. ದುಬಾರಿ ಬೇಡ, ದುಬಾರಿ ಕೊಟ್ಟರೆ ಅವರಿಗೆ ಅಷ್ಟೇ ಬೆಲೆಯದ್ದು ವಾಪಸ್ ಕೊಡುವ ಚಿಂತೆ ಶುರುವಾಗುತ್ತದೆ. ಮೈಸೂರು ಸ್ಯಾಂಡಲ್ ಸೋಪು, ಚನ್ನಪಟ್ಟಣದ ಬೊಂಬೆ, ಕೊಡಗಿನ ಕಾಫಿ ಪುಡಿ ಸಾಕು. ಎರಡೂ ಕೈಯಲ್ಲಿ ಹಿಡಿದು ಕೊಡಿ. ನಾಲ್ಕರ ಸೆಟ್ ಬೇಡ, ಅಲ್ಲಿ ನಾಲ್ಕನ್ನು ‘ಶಿ’ ಅನ್ನುತ್ತಾರೆ, ಸಾವಿಗೂ ಅದೇ ಶಬ್ದ. ಹಸಿ ಕರಿಬೇವು, ಮಾವಿನಹಣ್ಣು ಬ್ಯಾಗಿಗೆ ಹಾಕಬೇಡಿ. ತಪಾಸಣೆಯ ಪ್ರಮಾಣಪತ್ರ ಇಲ್ಲದೆ ಹಸಿ ಸೊಪ್ಪು, ಹಣ್ಣುಗಳನ್ನು ಒಳಗೆ ಬಿಡುವುದಿಲ್ಲ. ಸುಲಭವಾಗಿ ಹಾಕಿ ತೆಗೆಯುವ ಚಪ್ಪಲಿ ಮತ್ತು ತೂತಿಲ್ಲದ ಸಾಕ್ಸ್ ಇರಲಿ, ಯಾಕೆ ಅಂತ ಮುಂದೆ ನೋಡಿ.

ಬಾಗಿಲು, ಚಪ್ಪಲಿ, ಚಾಪೆ

ಬಾಗಿಲು ತೆರೆದರೆ ಮೊದಲು ಸಿಗುವ ತಗ್ಗಿನ ಜಾಗ ‘ಗೆನ್‌ಕಾನ್’. ಚಪ್ಪಲಿ ಅಲ್ಲೇ ಬಿಟ್ಟು, ಒಂದು ಮೆಟ್ಟಿಲು ಹತ್ತಿ ಒಳಗೆ ಹೋಗಬೇಕು. ಇದರಲ್ಲಿ ನಮಗೆ ಹೊಸದೇನೂ ಇಲ್ಲ. ಹೊಸದು ಅಂದರೆ, ಬಿಟ್ಟ ಚಪ್ಪಲಿಯನ್ನು ಬಾಗಿ ತಿರುಗಿಸಿ, ಅದರ ಮೂತಿ ಬಾಗಿಲ ಕಡೆ ಇರುವಂತೆ ಜೋಡಿಸಿಡಬೇಕು. ಒಳಗೆ ಹಾಕಿಕೊಳ್ಳಲು ಸ್ಲಿಪ್ಪರ್ ಕೊಡುತ್ತಾರೆ. ‘ತತಾಮಿ’ ಅನ್ನುವ ಹುಲ್ಲಿನ ಚಾಪೆ ಹಾಸಿದ ಕೋಣೆಗೆ ಆ ಸ್ಲಿಪ್ಪರೂ ಇಲ್ಲ, ಬರೀ ಸಾಕ್ಸ್. ಟಾಯ್ಲೆಟ್ಟಿಗೆ ಬೇರೆಯೇ ಸ್ಲಿಪ್ಪರ್ ಇರುತ್ತದೆ, ಅದನ್ನು ಅಲ್ಲೇ ಬಿಟ್ಟು ಬರಬೇಕು.

ರಾತ್ರಿ ಚಾಪೆಯ ಮೇಲೆ ‘ಫುತೋನ್’ ಹಾಸಿಗೆ ಹಾಸಿ ಮಲಗುವುದು, ಬೆಳಿಗ್ಗೆ ಮಡಚಿ ಗೋಡೆ ಕಪಾಟಿನೊಳಗೆ ಇಡುವುದು. ಬಿಸಿಲು ಬಂದ ದಿನ ಅದನ್ನು ಹೊರಗೆ ಹಾಕಲು ಅಮ್ಮನಿಗೆ ಕೈ ಜೋಡಿಸಿ.

ಸ್ನಾನ: ಇಲ್ಲಿ ಗಮನ ಇಡಿ

ಸ್ನಾನದ ಮನೆಯಲ್ಲಿ ಆಳದ ತೊಟ್ಟಿ ತುಂಬ ಬಿಸಿನೀರು ಇರುತ್ತದೆ, ಸುಮಾರು 40ರಿಂದ 42 ಡಿಗ್ರಿ. ಆ ನೀರು ಇಡೀ ಮನೆಗೆ. ತೊಟ್ಟಿಯ ಹೊರಗೆ ಪುಟ್ಟ ಸ್ಟೂಲಿನ ಮೇಲೆ ಕುಳಿತು, ಸೋಪು ಹಚ್ಚಿ, ಮೈ ತೊಳೆದು, ನೊರೆ ಒಂದು ಚೂರೂ ಉಳಿಯದಂತೆ ನೀರು ಹಾಕಿಕೊಂಡು, ಆಮೇಲೆ ತೊಟ್ಟಿಗೆ ಇಳಿಯಬೇಕು. ಸುಮ್ನೆ ಕುತ್ತಿಗೆವರೆಗೆ ಮುಳುಗಿ ಕೂರಬೇಕು, ಅಷ್ಟೇ. ಅತಿಥಿ ಅಂತ ನಿಮ್ಮನ್ನೇ ಮೊದಲು ಕಳಿಸಬಹುದು.

ಮೊದಲ ರಾತ್ರಿ ಸ್ನಾನ ಮುಗಿಸಿ, ಶುಚಿಯಾಗಿರಲಿ ಅಂತ ನಾನು ತೊಟ್ಟಿಯ ಬಿರಡೆ ತೆಗೆದು ನೀರೆಲ್ಲ ಬಿಟ್ಟುಬಿಟ್ಟೆ. ನನ್ನ ನಂತರ ಅಜ್ಜಿಯ ಸರದಿ ಇತ್ತು. ಯಾರೂ ಒಂದು ಮಾತೂ ಆಡಲಿಲ್ಲ, ಮತ್ತೆ ತುಂಬಿಸಿದರು. ಆ ಅಜ್ಜಿ ಟವೆಲ್ ಹಿಡಿದು ಹಾಗೇ ಕಾಯುತ್ತಾ ಕುಳಿತಿದ್ದದ್ದು ಇಂದಿಗೂ ಕಣ್ಣ ಮುಂದಿದೆ. ಬಿರಡೆ ಮುಟ್ಟಬೇಡಿ. ಮುಚ್ಚಳ ಹಾಕಿ ಹೊರಗೆ ಬನ್ನಿ. ಎಷ್ಟೋ ಮನೆಗಳಲ್ಲಿ ಮಾರನೇ ದಿನ ಉಳಿದ ನೀರಿನಲ್ಲೇ ಬಟ್ಟೆ ಒಗೆಯುತ್ತಾರೆ.

ಊಟ, ಅದರಲ್ಲೂ ಸಸ್ಯಾಹಾರಿಗಳಿಗೆ

‘ನಾನು ವೆಜಿಟೇರಿಯನ್’ ಅಂದರೆ ಅಲ್ಲಿ ಸಾಲದು. ಮಾಂಸದ ತುಂಡು ಕಾಣದಿದ್ದರೆ ಆಯಿತು ಅಂದುಕೊಳ್ಳುವವರು ಜಾಸ್ತಿ. ಅಲ್ಲಿನ ಅಡುಗೆಯ ಬೇರು ‘ದಾಶಿ’ ಅನ್ನುವ ಕಟ್ಟು. ಸಾಮಾನ್ಯವಾಗಿ ‘ಕತ್ಸುಓಬುಶಿ’ ಅನ್ನುವ ಒಣಮೀನಿನ ಹೆರೆದ ಚೂರುಗಳಿಂದ ಮಾಡುತ್ತಾರೆ. ಮಿಸೊ ಅನ್ನುವ ಹುಳಿ ಬರಿಸಿದ ಸೋಯಾ ಮುದ್ದೆಯ ಸಾರು, ತರಕಾರಿ ಪಲ್ಯ, ನೂಡಲ್ಸ್ ಅದ್ದಿಕೊಳ್ಳುವ ರಸ, ಎಲ್ಲದರಲ್ಲೂ ಅದು ಇರಬಹುದು. ಅಂಗಡಿಯಲ್ಲಿ ಸಿಗುವ ‘ಕರ್ರಿ’ ಮಸಾಲೆಯ ಗಟ್ಟಿ ತುಂಡುಗಳಲ್ಲೂ ಸಾಮಾನ್ಯವಾಗಿ ಪ್ರಾಣಿಯ ಕೊಬ್ಬು ಸೇರಿರುತ್ತದೆ.

ಆದ್ದರಿಂದ ಹೋಗುವ ಮುಂಚೆಯೇ ಬರೆದು ತಿಳಿಸಿ. ಮಾತಿನಲ್ಲಿ ಹೇಳುವುದಾದರೆ: ‘ನಿಕು ಮೊ ಸಕಾನಾ ಮೊ ತಬೆಮಾಸೆನ್’. ಮಾಂಸವೂ ಮೀನೂ ತಿನ್ನೋದಿಲ್ಲ ಅಂತ, ನಮ್ಮ ‘ಊ’ ಇರುವ ಕಡೆ ಅವರ ‘ಮೊ’. ಜೊತೆಗೆ ಮೀನಿನ ದಾಶಿಯೂ ಬೇಡ, ‘ಕೊಂಬು’ ಅನ್ನುವ ಕಡಲ ಸಸ್ಯದ್ದೋ ಒಣ ಶಿಯಿತಾಕೆ ಅಣಬೆಯದ್ದೋ ಆದರೆ ಆಗುತ್ತದೆ ಅಂತ ದಾರಿಯನ್ನೂ ಹೇಳಿಬಿಡಿ. ಮೊಟ್ಟೆ ತಿನ್ನುತ್ತೀರಾ ಇಲ್ಲವಾ, ಅದನ್ನೂ ಬಿಡಿಸಿ ಹೇಳಿ. ಕೊನೆ ಗಳಿಗೆಯಲ್ಲಿ ಹೇಳಿದರೆ, ಅಷ್ಟು ಹೊತ್ತು ನಿಂತು ಅಡುಗೆ ಮಾಡಿದ ಅಮ್ಮನಿಗೆ ತುಂಬಾ ನೋವಾಗುತ್ತದೆ.

ಮೊದಲೇ ಹೇಳಿದ್ದಕ್ಕೆ ನನಗೆ ಹೊಟ್ಟೆ ತುಂಬ ಸಿಕ್ಕಿತು. ನಾಗಾನೊ ಮಿಸೊಗೆ ಹೆಸರಾದ ಸೀಮೆ. ಅಲ್ಲಿ ‘ಒಯಾಕಿ’ ಅಂತ ಮಾಡುತ್ತಾರೆ, ಹಿಟ್ಟಿನ ಉಂಡೆಯೊಳಗೆ ನೊಜಾವನಾ ಸೊಪ್ಪು, ಬದನೆ ಅಥವಾ ಸಿಹಿಗುಂಬಳದ ಹೂರಣ ತುಂಬಿ ಬೇಯಿಸಿದ್ದು. ನಮ್ಮ ಕಡುಬಿನ ದಾಯಾದಿ ಅನ್ನಬಹುದು. ಫ್ರಿಜ್ಜಿನಲ್ಲಿ ಯಾವಾಗಲೂ ಹುರಿದ ಬಾರ್ಲಿಯ ತಣ್ಣನೆ ಕಷಾಯ, ‘ಮುಗಿಚಾ’. ನಾತ್ತೊ ಅಂತ ಹುಳಿ ಬರಿಸಿದ ಸೋಯಾ ಕಾಳು ಕೊಡುತ್ತಾರೆ. ಎತ್ತಿದರೆ ಎಳೆ ಎಳೆಯಾಗಿ ಬರುತ್ತದೆ, ವಾಸನೆ ಜೋರು. ಮುಖ ಸಿಂಡರಿಸಬೇಡಿ, ಸಾಸಿವೆ ಕಲಸಿ ಬಿಸಿ ಅನ್ನದ ಜೊತೆ ಒಂದು ತುತ್ತು ತಿಂದು ನೋಡಿ. ಪೊಟ್ಟಣದ ಜೊತೆ ಬರುವ ಸಾಸ್‌ನಲ್ಲಿ ಮೀನಿನ ರಸ ಇರಬಹುದು, ಅದನ್ನು ಬಿಟ್ಟು ಸೋಯಾ ಸಾಸ್ ಹಾಕಿಕೊಳ್ಳಿ.

ಚಾಪ್‌ಸ್ಟಿಕ್ ಹಿಡಿಯುವುದು ಎರಡು ದಿನದಲ್ಲಿ ಬರುತ್ತದೆ. ಎರಡು ತಪ್ಪು ಮಾತ್ರ ಮಾಡಬೇಡಿ. ಅನ್ನದಲ್ಲಿ ಅವನ್ನು ನೆಟ್ಟಗೆ ಚುಚ್ಚಿ ನಿಲ್ಲಿಸಬಾರದು, ಅದು ಸತ್ತವರಿಗೆ ಇಡುವ ಅನ್ನದ ರೀತಿ. ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತಿನಿಸು ದಾಟಿಸಬಾರದು. ಸುಟ್ಟ ಮೇಲೆ ಅಸ್ಥಿಯನ್ನು ಹಾಗೆ ದಾಟಿಸುತ್ತಾರೆ. ಬಟ್ಟಲಲ್ಲಿ ಒಂದು ಅಗುಳೂ ಬಿಡಬೇಡಿ.

ಒಂದು ದಿನ ನೀವೂ ಅಡುಗೆ ಮಾಡಿ. ಒಗ್ಗರಣೆಯ ಹೊಗೆ ಅಲ್ಲಿನ ಪುಟ್ಟ ಅಡುಗೆಮನೆಯಲ್ಲಿ ತುಂಬಿಕೊಳ್ಳುತ್ತದೆ, ಮೊದಲೇ ಫ್ಯಾನ್ ಹಾಕಿ, ಕಿಟಕಿ ತೆರೆದಿಡಿ, ಮೆಣಸಿನಕಾಯಿ ಕಡಿಮೆ ಹಾಕಿ. ನಾನು ಮೊಸರನ್ನ ಮಾಡಿದೆ. ಅವರ ಮೆತ್ತಗಿನ ಅಂಟು ಅಕ್ಕಿಗೆ ಮೊಸರನ್ನ ಎಷ್ಟು ಚೆನ್ನಾಗಿ ಬರುತ್ತದೆ ಗೊತ್ತಾ! ಅನ್ನಕ್ಕೆ ಮೊಸರು ಸುರಿಯುವುದನ್ನು ಅಜ್ಜಿ ಕಣ್ಣಗಲಿಸಿ ನೋಡಿದರು, ಸಾಸಿವೆ ಸಿಡಿದಾಗ ಒಂದು ಹೆಜ್ಜೆ ಹಿಂದೆ ಸರಿದರು, ಆಮೇಲೆ ‘ತಬೆತೆ ಮಿಮಾಸ್’ ಅಂತ ಚಮಚ ಎತ್ತಿದರು. ಎರಡನೇ ಸಲ ಬಟ್ಟಲು ಮುಂದೆ ಚಾಚಿದಾಗ ನನಗಾದ ಸಂತೋಷ ದೊಡ್ಡದು.

ಕಸದ ಪಟ್ಟಿ

ಅಡುಗೆಮನೆ ಗೋಡೆಯ ಮೇಲೆ ಕ್ಯಾಲೆಂಡರಿನಂಥ ಒಂದು ಹಾಳೆ ಇರುತ್ತದೆ. ಸುಡುವ ಕಸಕ್ಕೆ ಒಂದು ದಿನ, ಪ್ಲಾಸ್ಟಿಕ್ಕಿಗೆ ಇನ್ನೊಂದು, ಡಬ್ಬ ಬಾಟಲಿಗೆ ಮತ್ತೊಂದು. ಊರಿಂದೂರಿಗೆ ನಿಯಮ ಬೇರೆ. ತೊಕುಶಿಮಾ ಪ್ರಾಂತ್ಯದ ಕಮಿಕಾತ್ಸು ಅನ್ನುವ ಪುಟ್ಟ ಊರಿನಲ್ಲಿ ನಲವತ್ತಕ್ಕೂ ಹೆಚ್ಚು ಬಗೆಯಾಗಿ ಬೇರೆ ಮಾಡುತ್ತಾರೆ. ನೀರಿನ ಬಾಟಲಿ ಎಸೆಯುವ ಮುಂಚೆ ಮುಚ್ಚಳ ತೆಗೆದು, ಸುತ್ತಿನ ಲೇಬಲ್ ಕಿತ್ತು, ತೊಳೆಯಬೇಕು. ಅಪ್ಪನ ಜೊತೆ ಬೆಳಿಗ್ಗೆ ಕಸ ಹಾಕಲು ನೀವೂ ಹೋಗಿ, ಕಾಗೆ ಕುಕ್ಕದಂತೆ ಬಲೆ ಮುಚ್ಚಿ ಬನ್ನಿ. ಪಕ್ಕದ ಮನೆಯವರ ಪರಿಚಯ ನನಗೆ ಆಗಿದ್ದು ಅಲ್ಲೇ.

ದಿನದ ನಡುವಿನ ಸಣ್ಣ ಸಂಗತಿಗಳು

ಅಲ್ಲಿನ ಬೇಸಿಗೆ ರಜೆಯಲ್ಲಿ ಹೋದರೆ ಮಕ್ಕಳ ಜೊತೆ ಬೆಳಿಗ್ಗೆ ಆರೂವರೆಗೆ ‘ರೇಡಿಯೊ ತಾಯ್ಸೊ’ಗೆ ಹೋಗಿ. ರೇಡಿಯೊದ ಸಂಗೀತಕ್ಕೆ ಬೀದಿಯವರೆಲ್ಲ ಸೇರಿ ಮಾಡುವ ವ್ಯಾಯಾಮ ಅದು, 1928ರಿಂದ ಇದೆ. ಮಕ್ಕಳು ಕುತ್ತಿಗೆಗೆ ಕಾರ್ಡ್ ನೇತುಹಾಕಿಕೊಂಡು ಬಂದು, ಮುಗಿದ ಮೇಲೆ ಸೀಲ್ ಹಾಕಿಸಿಕೊಳ್ಳುತ್ತಾರೆ. ಭೂಕಂಪ ಆದರೆ ಎಲ್ಲಿ ಸೇರಬೇಕು, ತುರ್ತು ಚೀಲ ಎಲ್ಲಿದೆ ಅಂತ ಮೊದಲ ದಿನವೇ ಕೇಳಿಟ್ಟುಕೊಳ್ಳಿ. ಆಂಬುಲೆನ್ಸಿಗೆ 119, ಪೊಲೀಸಿಗೆ 110.

ಮನೆಯ ಹಿರಿಯರ ಮುಂದೆ

ಹಲವು ಮನೆಗಳಲ್ಲಿ ‘ಬುತ್ಸುದಾನ್’ ಇರುತ್ತದೆ, ತೀರಿಹೋದವರ ನೆನಪಿಗೆ ಬಾಗಿಲಿರುವ ಮರದ ಗೂಡು. ನಾನು ಒಯ್ದ ಉಡುಗೊರೆಯನ್ನು ಅಮ್ಮ ಮೊದಲು ಅದರ ಮುಂದೆ ಇಟ್ಟು, ಪುಟ್ಟ ಗಂಟೆ ಬಾರಿಸಿ ಕೈ ಮುಗಿದರು. ಮನೆಗೆ ಬಂದದ್ದು ಮೊದಲು ದೊಡ್ಡವರಿಗೆ, ಅಲ್ವಾ. ನೀವೂ ಕೈ ಮುಗಿಯಬಹುದಾ ಅಂತ ಕೇಳಿ, ಅವರಿಗೆ ಬಹಳ ಹಿತವಾಗುತ್ತದೆ. ಊದುಬತ್ತಿಯ ಉರಿಯನ್ನು ಬಾಯಿಂದ ಊದಬಾರದು, ಕೈ ಬೀಸಿ ಆರಿಸಬೇಕು. ಇದನ್ನು ನಮಗೆ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಕೇಳದೆ ಫೋಟೊ ತೆಗೆಯಬೇಡಿ.

ಆಯ್ಕೆ ನಿಮ್ಮ ಕೈಯಲ್ಲಿದ್ದರೆ ‘ಒಬೋನ್’ ಬರುವ ಹಾಗೆ ದಿನ ಗೊತ್ತುಮಾಡಿಕೊಳ್ಳಿ. ಹೆಚ್ಚಿನ ಕಡೆ ಆಗಸ್ಟ್ 13ರಿಂದ 16. ನಮ್ಮ ಪಿತೃಪಕ್ಷದ ಹಾಗೆ, ಹಿರಿಯರು ಮನೆಗೆ ಬರುವ ದಿನಗಳು. ಆ ದಿನಗಳಲ್ಲಿ ರೈಲುಗಳು ತುಂಬಿರುತ್ತವೆ, ಟಿಕೆಟ್ ಬೇಗ ಮಾಡಿಸಿ. ಅಜ್ಜಿ ನನ್ನ ಕೈಗೆ ಒಂದು ಬದನೆಕಾಯಿ, ಒಂದು ಸೌತೆಕಾಯಿ ಕೊಟ್ಟು, ಚಾಪ್‌ಸ್ಟಿಕ್ ಮುರಿದ ತುಂಡುಗಳನ್ನು ನಾಲ್ಕು ಕಾಲಾಗಿ ಚುಚ್ಚಲು ಹೇಳಿದರು. ಸೌತೆಕಾಯಿ ಕುದುರೆ, ಹಿರಿಯರು ಬೇಗ ಬರಲಿ ಅಂತ. ಬದನೆಕಾಯಿ ಎತ್ತು, ಹೋಗುವಾಗ ನಿಧಾನವಾಗಿ ಹೋಗಲಿ ಅಂತ. ನನ್ನ ಎತ್ತಿನ ಒಂದು ಕಾಲು ಗಿಡ್ಡವಾಗಿ ವಾಲುತ್ತಿತ್ತು, ಅಜ್ಜಿ ಬಿಚ್ಚಿ ಮತ್ತೆ ಚುಚ್ಚಿದರು. ಸಂಜೆ ಮನೆ ಮುಂದೆ ಬರ್ಚ್ ಮರದ ತೊಗಟೆ ಸುಟ್ಟೆವು, ದಾರಿ ಕಾಣಲಿ ಅಂತ. ಹೊಗೆ ಕಪ್ಪಗೆ ಏಳುತ್ತಿತ್ತು, ಅಜ್ಜಿ ತಮ್ಮ ಗಂಡನ ಹೆಸರು ಹಿಡಿದು ಮೆಲ್ಲಗೆ ‘ಒಕಾಯೆರಿ’ ಅಂದರು.

ಹೊರಡುವ ದಿನ

ಹಾಸಿಗೆ ಮಡಚಿ, ಹೊದಿಕೆ ಬಿಚ್ಚಿ, ಕೋಣೆ ಗುಡಿಸಿಡಿ. ಮನೆಯ ಒಬ್ಬೊಬ್ಬರಿಗೂ ಎರಡು ಸಾಲು ಬರೆದು ಕೊಡಿ, ಅಕ್ಷರ ಸೊಟ್ಟಗಿದ್ದರೂ ಚಿಂತೆಯಿಲ್ಲ. ‘ಸಾಯೊನಾರಾ’ ಅನ್ನಬೇಡಿ, ಮತ್ತೆ ಸಿಗದವರಿಗೆ ಹೇಳಿದ ಹಾಗೆ ಕೇಳಿಸುತ್ತದೆ. ದಿನಾ ಹೇಳುತ್ತಿದ್ದ ‘ಇತ್ತೆ ಕಿಮಾಸ್’ ಅನ್ನೇ ಹೇಳಿ ಮೆಟ್ಟಿಲು ಇಳಿಯಿರಿ.

ಊರಿಗೆ ಬಂದ ವಾರದೊಳಗೆ ತಲುಪಿದೆ ಅಂತ ಒಂದು ಪತ್ರ ಹಾಕಿ. ಹೊಸ ವರ್ಷದ ಕಾರ್ಡು ಅಲ್ಲಿನವರಿಗೆ ಮುಖ್ಯ, ಜನವರಿ 1ರ ಬೆಳಿಗ್ಗೆ ಅಂಚೆಯವರು ಕಟ್ಟು ಕಟ್ಟಾಗಿ ತಂದುಕೊಡುತ್ತಾರೆ. ಆ ವರ್ಷ ಮನೆಯಲ್ಲಿ ಸಾವಾಗಿದ್ದರೆ ಮಾತ್ರ ಕಳಿಸಬಾರದು. ನಾನು ಡಿಸೆಂಬರ್ ಮೊದಲ ವಾರವೇ ಅಂಚೆಗೆ ಹಾಕುತ್ತೇನೆ, ಅಜ್ಜಿಗೆ ಓದಲು ಸುಲಭವಾಗಲಿ ಅಂತ ದಪ್ಪ ಪೆನ್ನಿನಲ್ಲಿ, ದೊಡ್ಡ ಹಿರಗಾನಾ ಅಕ್ಷರಗಳಲ್ಲಿ ಬರೆದು.