ಹೆಂಚಿನ ಮನೆಗೆ ನಿಸ್ತಂತು ಅಲಾರಂ: ಸೆನ್ಸರ್ ಎಲ್ಲಿ, ಹೇಗೆ ಕೂರಿಸಬೇಕು?

ಮಕ್ಕಳು ಮುಂಬಯಿಯಲ್ಲೋ ದುಬೈಯಲ್ಲೋ, ಊರಿನ ಮನೆಗೆ ಬೀಗ. ಉಡುಪಿ, ಕಾರ್ಕಳ, ಮೂಡುಬಿದಿರೆ ಕಡೆ ಇಂಥ ಮನೆಗಳು ಒಂದೆರಡಲ್ಲ. ನಿಸ್ತಂತು ಅಲಾರಂ ಕಿಟ್ ತಂದರೆ ಗೋಡೆ ಒಡೆದು ತಂತಿ ಎಳೆಯುವ ಕೆಲಸವಿಲ್ಲ, ನಿಜ. ಆದರೆ ಜೊತೆಗೆ ಬರುವ ಕೈಪಿಡಿಯಲ್ಲಿ ಮುರಕಲ್ಲಿನ ಗೋಡೆಯ ಮಾತಿಲ್ಲ, ಹೆಂಚಿನ ಮಾಡಿನ ಮಾತಿಲ್ಲ, ನಮ್ಮ ಮಳೆಗಾಲದ ಮಾತಂತೂ ಇಲ್ಲವೇ ಇಲ್ಲ.

ಪೆಟ್ಟಿಗೆ ಬಿಚ್ಚುವ ಮೊದಲು ಮನೆಗೆ ಒಂದು ಸುತ್ತು ಬನ್ನಿ. ಕಳ್ಳ ಮುಂಬಾಗಿಲಿಗೇ ಬರಬೇಕೆಂದಿಲ್ಲ. ಹಿಂಬಾಗಿಲು, ಬಚ್ಚಲಿನ ಕಡೆಯ ಬಾಗಿಲು, ಕೈಗೆ ಎಟಕುವ ತಗ್ಗಿನ ಮಾಡು, ಇವನ್ನೆಲ್ಲ ಗುರುತು ಮಾಡಿಕೊಳ್ಳಿ. ಹೆಂಚು ಸರಿಸಿ ಇಳಿದವನನ್ನು ಬಾಗಿಲಿನ ಸೆನ್ಸರ್ ಹಿಡಿಯಲಾರದು.

ಎಲ್ಲ ಸೆನ್ಸರ್‌ಗಳನ್ನೂ ಮೊದಲು ಮೇಜಿನ ಮೇಲಿಟ್ಟು ಪ್ಯಾನೆಲ್‌ಗೆ, ಅಂದರೆ ಅವುಗಳ ಸಂಕೇತ ಪಡೆದು ಎಚ್ಚರಿಸುವ ಮುಖ್ಯ ಪೆಟ್ಟಿಗೆಗೆ, ಜೋಡಿಸಿ, ‘ಹಿಂಬಾಗಿಲು’, ‘ಚಾವಡಿ’ ಎಂದು ಹೆಸರು ಕೊಡಿ. ಪ್ಯಾನೆಲ್ ಮನೆಯ ನಡುವಿನ ಕೋಣೆಯಲ್ಲಿ, ಹೊರಗಿನಿಂದ ಕಾಣದಂತೆ ಇರಲಿ. ಕಬ್ಬಿಣದ ಕಪಾಟು, ಇನ್ವರ್ಟರ್‌ಗಳ ಪಕ್ಕ ಬೇಡ. ದಪ್ಪ ಮುರಕಲ್ಲಿನ ಗೋಡೆಗಳು ರೇಡಿಯೋ ಸಂಕೇತವನ್ನು ಕುಗ್ಗಿಸುತ್ತವೆ. ಆದ್ದರಿಂದ ಗೋಡೆಗೆ ಹೊಡೆಯುವ ಮುನ್ನ ಪ್ರತಿ ಸೆನ್ಸರನ್ನೂ ಅದರ ಜಾಗದಲ್ಲಿ ಹಿಡಿದು ಸಂಕೇತ ತಲುಪುತ್ತದೆಯೇ ನೋಡಿ. ಕರೆಂಟು ಹೋದರೆ ವೈಫೈಯೂ ಹೋಗುತ್ತದೆ. ಹಾಗಾಗಿ ಒಳಗೇ ಬ್ಯಾಟರಿ ಇರುವ, ಸಿಮ್ ಹಾಕಬಹುದಾದ ಪ್ಯಾನೆಲನ್ನೇ ಆರಿಸಿ.

ಬಾಗಿಲಿನ ಸೆನ್ಸರ್‌ಗೆ ಎರಡು ತುಂಡು. ಸಂಕೇತ ಕಳುಹಿಸುವ ತುಂಡು ದಾರಂದಕ್ಕೆ, ಅಯಸ್ಕಾಂತದ ತುಂಡು ಬಾಗಿಲಿಗೆ. ಬಾಗಿಲು ಮುಚ್ಚಿದಾಗ ಇವುಗಳ ನಡುವಿನ ಅಂತರ ಒಂದು ಸೆಂಟಿಮೀಟರ್ ದಾಟದಿದ್ದರೆ ಒಳ್ಳೆಯದು. ನಮ್ಮಲ್ಲಿ ತೊಂದರೆ ಶುರುವಾಗುವುದೇ ಇಲ್ಲಿ. ಜೂನ್ ಬಂತೆಂದರೆ ಹಲಸಿನ ಬಾಗಿಲೂ ತುಸು ಉಬ್ಬುತ್ತದೆ, ದಾರಂದಕ್ಕೆ ಕಚ್ಚಿಕೊಂಡು ಪೂರ್ತಿ ಮುಚ್ಚುವುದಿಲ್ಲ. ಅಂತರ ಹೆಚ್ಚಿದೊಡನೆ ಪ್ಯಾನೆಲ್ ‘ಬಾಗಿಲು ತೆರೆದಿದೆ’ ಎನ್ನುತ್ತದೆ. ಬಾಗಿಲು ಹಿಡಿಯುವ ಜಾಗವನ್ನು ಮೊದಲೇ ಉಜ್ಜಿಸಿ, ಬೇಸಗೆಯಲ್ಲಿ ಅಂತರವನ್ನು ಐದು ಮಿಲಿಮೀಟರ್ ಆಸುಪಾಸಿಗೆ ತನ್ನಿ. ಅಂಟುಪಟ್ಟಿಯನ್ನು ನಂಬಬೇಡಿ, ತೇವಕ್ಕೆ ಕಳಚುತ್ತದೆ, ಸ್ಕ್ರೂ ಹಾಕಿ. ಕಬ್ಬಿಣದ ಗ್ರಿಲ್ ಬಾಗಿಲಾದರೆ ಅಯಸ್ಕಾಂತದ ಅಡಿಗೆ ಪ್ಲಾಸ್ಟಿಕ್ ತುಂಡು ಕೊಡಿ, ಇಲ್ಲವಾದರೆ ಕಬ್ಬಿಣವೇ ಅದರ ಬಲವನ್ನು ಎಳೆದುಕೊಳ್ಳುತ್ತದೆ.

ಚಲನೆಯ ಸೆನ್ಸರ್ ಮೈಯ ಶಾಖ ಅತ್ತಿತ್ತ ಸರಿಯುವುದನ್ನು ಗುರುತಿಸುತ್ತದೆ. ನೇರ ಎದುರಿಗೆ ಬರುವವನಿಗಿಂತ ಅಡ್ಡ ಹಾಯುವವನು ಅದಕ್ಕೆ ಬೇಗ ಸಿಕ್ಕಿಬೀಳುತ್ತಾನೆ. ಆದ್ದರಿಂದ ಚಾವಡಿಯ ಮೂಲೆಯಲ್ಲಿ, ನೆಲದಿಂದ ಏಳೆಂಟು ಅಡಿ ಎತ್ತರದಲ್ಲಿ, ಕೋಣೆಗಳಿಗೆ ಹೋಗುವ ದಾರಿ ಅಡ್ಡಲಾಗಿ ಬೀಳುವಂತೆ ಕೂರಿಸಿ. ಮಾಡಿನಿಂದ ಇಳಿದವನೂ ಅದನ್ನು ದಾಟಲೇಬೇಕು. ಸೆನ್ಸರಿನ ಮುಖವನ್ನು ಪಕ್ಕಾಸಿನ ಕಡೆಗೆ ಎತ್ತಬೇಡಿ. ಅಲ್ಲಿ ಬೆಕ್ಕು, ಇಲಿಗಳ ಓಡಾಟ. ಗಾಜಿನ ಹೆಂಚಿನ ಮೇಲೂ ಕಣ್ಣಿರಲಿ. ಅದರಿಂದ ಇಳಿಯುವ ಬಿಸಿಲಿನ ಚೌಕ ಹೊತ್ತೇರಿದಂತೆ ನೆಲದ ಮೇಲೆ ಸರಿಯುತ್ತದೆ, ಮೋಡ ಸರಿದಾಗಲೆಲ್ಲ ಮಿನುಗುತ್ತದೆ. ಯಾರೂ ಇಲ್ಲದ ಮನೆಯಲ್ಲಿ ಮಧ್ಯಾಹ್ನ ಸೈರನ್ ಕೂಗಲು ಅಷ್ಟೇ ಸಾಕಾಗಬಹುದು. ಒಂದು ದಿನವಿಡೀ ಗಮನಿಸಿ, ಆ ಚೌಕ ತಾಗದ ಮೂಲೆಯನ್ನೇ ಹುಡುಕಿ. ಸೆನ್ಸರಿನ ಹಿಂದಿನ ತೂತುಗಳನ್ನು ಸಿಲಿಕೋನ್‌ನಿಂದ ಮುಚ್ಚಿದರೆ ಇರುವೆ ಒಳಸೇರುವುದಿಲ್ಲ. ಹಲ್ಲಿ ಲೆನ್ಸಿನ ಮೇಲೆ ಹರಿದಾಡಿದರೂ ಸುಳ್ಳು ಅಲಾರಂ ಬರುತ್ತದೆ, ಟ್ಯೂಬ್‌ಲೈಟಿನ ಹತ್ತಿರ ಬೇಡ.

ಕೊನೆಗೆ ಪರೀಕ್ಷೆ. ಎಷ್ಟೋ ಚಲನೆ ಸೆನ್ಸರ್‌ಗಳು ಒಮ್ಮೆ ಸಂಕೇತ ಕೊಟ್ಟ ಮೇಲೆ ಬ್ಯಾಟರಿ ಉಳಿಸಲು ಕೆಲವು ನಿಮಿಷ ಸುಮ್ಮನಿರುತ್ತವೆ. ಹಾಳಾಗಿದೆ ಎಂದುಕೊಳ್ಳದೆ, ಪರೀಕ್ಷೆಯ ಸ್ಥಿತಿಗೆ ಹಾಕಿ ನಡೆದು ನೋಡಿ. ಮೇ ತಿಂಗಳ ಗುಡುಗು ಸಿಡಿಲಿಗೆ ಮುನ್ನ ಪ್ಯಾನೆಲಿನ ಅಡಾಪ್ಟರ್‌ಗೆ ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಕಡಲ ಗಾಳಿಗೆ ಬ್ಯಾಟರಿಯ ಲೋಹದ ತುದಿಗಳು ಕಿಲುಬು ಹಿಡಿಯುತ್ತವೆ, ಆಗಾಗ ಒರೆಸಿ.

ಎಚ್ಚರಿಕೆಯ ಕರೆ ದುಬೈಗೆ ಮಾತ್ರ ಹೋದರೆ ಪ್ರಯೋಜನ ಕಡಿಮೆ. ಪಕ್ಕದ ಮನೆಯವರ ಒಪ್ಪಿಗೆ ಪಡೆದು ಅವರ ನಂಬರನ್ನೂ ಪ್ಯಾನೆಲ್‌ಗೆ ಸೇರಿಸಿ. ಸೈರನ್ ಕೂಗಿದಾಗ ಒಬ್ಬರೇ ಒಳಹೋಗದೆ 112ಕ್ಕೆ ಕರೆ ಮಾಡುವಂತೆ ಅವರಿಗೆ ಮೊದಲೇ ತಿಳಿಸಿ.